ಬೇರು ಬಿಟ್ಟು ತೆಗೆದ ಹಲ್ಲು

ನನ್ನ ತಂಗಿ ಮೈಸೂರಿನ ಸರಸ್ವತಿಪುರಂನಲ್ಲಿ ಮಕ್ಕಳಿಗೆ ಕೊಳಲು ಹೇಳಿಕೊಡುತ್ತಾಳೆ. ಅವಳ ಎಡಗಡೆ ಕೆಳಗಿನ ಬುದ್ಧಿಹಲ್ಲು ಓರೆಯಾಗಿ ಮೂಳೆಯಲ್ಲೇ ಸಿಕ್ಕಿಕೊಂಡಿತ್ತು. ಪದೇಪದೇ ವಸಡು ಊದಿಕೊಂಡು ಬಾಯಿ ತೆರೆಯೋಕೇ ಆಗುತ್ತಿರಲಿಲ್ಲ. ಮೊದಲು ನೋಡಿದ ಡಾಕ್ಟರು 'ಕಿತ್ತುಬಿಡೋಣ' ಅಂದರು, ಅಷ್ಟೇ. ಹಲ್ಲಿನ ಬೇರಿನ ಹತ್ತಿರವೇ ದವಡೆಯಲ್ಲಿ ಸಾಗುವ ನರದ ಮಾತೇ ಬರಲಿಲ್ಲ. ನನಗೆ ಅದು ಈಗಲೂ ಬೇಜಾರು.

ಇನ್ನೊಬ್ಬ ಸರ್ಜನ್ ಹತ್ತಿರ ಹೋದೆವು. ಅವರು ಇಡೀ ದವಡೆ ಕಾಣುವ ಓಪಿಜಿ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಪೆನ್ನಿನ ತುದಿಯಲ್ಲಿ ತೋರಿಸಿದರು. ದವಡೆಯೊಳಗೆ ನರ ಸಾಗುವ ದಾರಿಗೆ ಎರಡು ಬಿಳಿ ಗೆರೆ. ಹಲ್ಲಿನ ಬೇರಿನ ಬಳಿ ಬಂದಾಗ ಮೇಲಿನ ಗೆರೆ ಮಾಯ. ಬೇರೂ ಅಲ್ಲಿ ಕಪ್ಪಾಗಿತ್ತು. ಬೇರು ನರಕ್ಕೆ ತಾಗಿರಬಹುದು ಅನ್ನೋ ಸೂಚನೆ ಅದು. ದವಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಮಾಡಿಸಿದ ಮೇಲೆ ಗೊತ್ತಾಯಿತು, ಬೇರಿಗೂ ನರಕ್ಕೂ ನಡುವೆ ಮೂಳೆಯೇ ಇಲ್ಲ.

ಕೆಳತುಟಿಗೆ, ಗದ್ದಕ್ಕೆ ಸ್ಪರ್ಶ ತಿಳಿಸುವುದು ಆ ನರವೇ. ಕೀಳುವಾಗ ಪೆಟ್ಟಾದರೆ ತುಟಿ ಮರಗಟ್ಟುತ್ತದೆ. ಎಷ್ಟೋ ಜನರಿಗೆ ತಿಂಗಳುಗಳಲ್ಲಿ ಸರಿಹೋಗುತ್ತದೆ, ಕೆಲವರಿಗೆ ಹಾಗೇ ಉಳಿಯುತ್ತದೆ. ತಂಗಿ ಕೆಳತುಟಿಯ ಮೇಲೆ ಬೆರಳಿಟ್ಟುಕೊಂಡು ಸುಮ್ನೆ ಕೂತಳು. ಕೊಳಲು ಕೂರುವುದೇ ಅಲ್ಲಿ ಅಲ್ವಾ? ಸ್ವಲ್ಪ ಆಚೀಚೆಯಾದರೂ ನಾದ ಒಡೆಯುತ್ತದೆ, ಅದು ಮೊದಲು ತಿಳಿಯುವುದು ತುಟಿಗೆ.

ಡಾಕ್ಟರು ಕರೋನೆಕ್ಟಮಿ ಅಂದರು. ಹಲ್ಲಿನ ತಲೆಭಾಗ ಮಾತ್ರ ಕತ್ತರಿಸಿ ತೆಗೆಯುವುದು. ಬೇರನ್ನು ಮೂಳೆಯ ಅಂಚಿಗಿಂತ ಸುಮಾರು 3 ಮಿ.ಮೀ. ಕೆಳಕ್ಕೆ ತಗ್ಗಿಸಿ, ಅಲ್ಲೇ ಬಿಟ್ಟು, ಮೇಲೆ ವಸಡು ಹೊಲಿಯುವುದು.

ಮಂಡ್ಯದಿಂದ ಬಂದಿದ್ದ ಅಮ್ಮನಿಗೆ ಸಮಾಧಾನವಾಗಲಿಲ್ಲ. "ಬುಡ ಬಿಟ್ರೆ ಕೂಳೆ ಕಬ್ಬಿನ ಥರ ಮತ್ತೆ ಚಿಗುರಲ್ವಾ ಡಾಕ್ಟ್ರೇ?"

"ಚಿಗುರಲ್ಲಮ್ಮ. ಆದ್ರೆ ಬೇರು ನಿಧಾನಕ್ಕೆ ಮೇಲಕ್ಕೆ ಸರಿಯಬಹುದು. ಸರಿದ್ರೆ ನರದಿಂದ ದೂರ ಆಗುತ್ತೆ. ಮುಂದೆ ತೆಗೀಬೇಕಾಗಿ ಬಂದ್ರೂ ಭಯ ಕಡಿಮೆ."

ಇದು ಎಲ್ಲರಿಗೂ ಆಗುವಂಥದ್ದಲ್ಲ. ಹುಳುಕು ಒಳಗಿನ ತಿರುಳಿಗೆ ಇಳಿದಿದ್ದರೆ, ಬೇರಿಗೆ ಸೋಂಕು ತಗುಲಿದ್ದರೆ ಬಿಡುವ ಹಾಗಿಲ್ಲ. ಕತ್ತರಿಸುವಾಗ ಬೇರು ಅಲುಗಾಡಿದರೂ ಪೂರ್ತಿ ತೆಗೆಯಲೇಬೇಕು. ಅದಕ್ಕೇ ಎರಡಕ್ಕೂ ಒಪ್ಪಿಗೆಯ ಸಹಿ ಹಾಕಿಸಿಕೊಂಡರು. ಅದೃಷ್ಟಕ್ಕೆ ಬೇರು ಅಲುಗಾಡಲಿಲ್ಲ. ನಾಲ್ಕು ದಿನ ಕೆನ್ನೆ ಊದಿತ್ತು, ಆರಿದ ರಾಗಿ ಗಂಜಿಯೇ ಊಟ. ಮರಗಟ್ಟುವ ಇಂಜೆಕ್ಷನ್ನಿನ ಪ್ರಭಾವ ಇಳಿದ ಸಂಜೆಯೇ ಅವಳು ತುಟಿಯನ್ನು ಹತ್ತಿಯಿಂದ ಮುಟ್ಟಿ ಮುಟ್ಟಿ ನೋಡಿಕೊಂಡಳು. ಸ್ಪರ್ಶ ತಿಳಿಯುತ್ತಿತ್ತು.

ಆಮೇಲಿನ ಎಕ್ಸ್‌ರೇಯಲ್ಲಿ ಬೇರು ತುಸು ಮೇಲೆ ಬಂದಿತ್ತು. ಬಲಗಡೆಯ ಬುದ್ಧಿಹಲ್ಲು ನರದಿಂದ ದೂರವಿತ್ತು. ಅದನ್ನು ಅದೇ ಡಾಕ್ಟರು ಬೇರುಸಹಿತ ಪೂರ್ತಿ ಕಿತ್ತರು.