ಅಳುವ ಉಪ್ಪು

ಕೆಮಿಕಲ್ ಇಂಜಿನಿಯರಿಂಗ್ ಮೂರನೇ ವರ್ಷ ಮುಗಿದ ಮೇಲೆ ಕಾರವಾರದ ಕಡೆಯ ಒಂದು ಕಾಸ್ಟಿಕ್ ಸೋಡಾ ಕಾರ್ಖಾನೆಯಲ್ಲಿ ನಾಲ್ಕು ವಾರ ಇಂಟರ್ನ್‌ಶಿಪ್ ಮಾಡಿದೆ. ಜುಲೈ ತಿಂಗಳು. ಕೊಡೆ ಹಿಡಿದರೂ ಮೊಣಕಾಲಿನವರೆಗೆ ನೆನೆಯುವ ಮಳೆ.

ಮೊದಲ ದಿನ ಹೆಲ್ಮೆಟ್, ಸೇಫ್ಟಿ ಶೂ, ಸೊಂಟಕ್ಕೆ ಕಟ್ಟಿಕೊಳ್ಳುವ ಮಾಸ್ಕ್ ಕೊಟ್ಟರು. ಯಂತ್ರ ತೋರಿಸುವ ಮೊದಲು ಕಂಬದ ಮೇಲಿನ ವಿಂಡ್ ಸಾಕ್, ಅಂದರೆ ಗಾಳಿಯ ದಿಕ್ಕು ತೋರಿಸುವ ಬಟ್ಟೆ ಚೀಲ, ತೋರಿಸಿದರು. ಕಾಸ್ಟಿಕ್ ಜೊತೆಗೇ ಹುಟ್ಟುವ ವಿಷಾನಿಲ ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಸೋರಿದರೆ ನೆಲ ಹಿಡಿದೇ ಹರಿಯುತ್ತದೆ. ಆಗ ಗಾಳಿ ಹೋಗುವ ಕಡೆಗೆ ಓಡಬಾರದು, ಅಡ್ಡಕ್ಕೆ ಓಡಿ ಎತ್ತರದ ಜಾಗ ಸೇರಬೇಕು. ಅವತ್ತಿನಿಂದ ಯಾವ ಬಾಗಿಲಿನಿಂದ ಹೊರಬಂದರೂ ನನ್ನ ಕಣ್ಣು ಮೊದಲು ಆ ಬಟ್ಟೆ ಚೀಲದ ಕಡೆಗೇ ಹೋಗುತ್ತಿತ್ತು.

ನಮ್ಮ ಜಿಲ್ಲೆಯಲ್ಲಿ ಉಪ್ಪು ಅಂದರೆ 1930ರ ಅಂಕೋಲಾ ಸತ್ಯಾಗ್ರಹದ ಮಾತು ಬರುತ್ತದೆ. ನನಗೆ ಮಾತ್ರ ಅಜ್ಜನ ಕಾಲು ನೆನಪಾಗುತ್ತದೆ. ಗೋಕರ್ಣದ ಹತ್ತಿರದ ಸಾಣಿಕಟ್ಟಾದಲ್ಲಿ, ಉಪ್ಪಿನ ಆಗರದಲ್ಲಿ ದುಡಿದು ಬಿರುಕುಬಿಟ್ಟ ಕಾಲು. ಹಾಗಾಗಿ ಕಾರ್ಖಾನೆಯ ಅಂಗಳದಲ್ಲಿ ಗುಡ್ಡದಂತೆ ರಾಶಿ ಬಿದ್ದ ಉಪ್ಪು ನೋಡಿದಾಗ ನನಗೆ ಪರಿಚಯದವರು ಸಿಕ್ಕಂತೆ ಆಯಿತು.

ಕೆಲಸ ಕೇಳಲು ಸರಳ. ಉಪ್ಪುನೀರಿನಲ್ಲಿ ಕರೆಂಟ್ ಹರಿಸಿದರೆ ಒಂದು ಕಡೆ ಕ್ಲೋರಿನ್, ಇನ್ನೊಂದು ಕಡೆ ಹೈಡ್ರೋಜನ್ ಮತ್ತು ಕಾಸ್ಟಿಕ್. ಒಂದು ಟನ್ ಕಾಸ್ಟಿಕ್‌ಗೆ ಸುಮಾರು ಒಂದೂವರೆ ಟನ್ ಉಪ್ಪು ಬೇಕು. ಎರಡೂ ಕಡೆಯ ನಡುವೆ ಮೆಂಬ್ರೇನ್ ಎಂಬ ತೆಳ್ಳಗಿನ ಒಂದು ಪೊರೆ. ಇಡೀ ಕಾರ್ಖಾನೆಯ ಜೀವ ಅದರಲ್ಲೇ ಇದೆ. ಅದಕ್ಕೆ ಆಗದ್ದು ಉಪ್ಪಿನ ಜೊತೆ ಬರುವ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ. ಅವು ಒಳಗೆ ಗಟ್ಟಿಯಾಗಿ ಕೂತರೆ ವಿದ್ಯುತ್ ಜಾಸ್ತಿ ಖರ್ಚಾಗುತ್ತದೆ, ಮೆಂಬ್ರೇನ್ ಹಾಳಾಗುತ್ತದೆ. ಅದಕ್ಕೇ ಉಪ್ಪುನೀರಿಗೆ ಸೋಡಾ ಆಶ್ ಮತ್ತು ಕಾಸ್ಟಿಕ್ ಹಾಕಿ, ಅವನ್ನು ಕೆಸರಾಗಿಸಿ, ಕ್ಲಾರಿಫೈಯರ್ ಎಂಬ ತೊಟ್ಟಿಯಲ್ಲಿ ಆ ಕೆಸರು ಇಳಿಸಿ, ಸೋಸಿ, ಕೊನೆಗೆ ಉಳಿದದ್ದನ್ನು ಹಿಡಿದುಕೊಳ್ಳುವ ರೆಸಿನ್ ಕಾಲಂ ದಾಟಿಸುತ್ತಾರೆ. ಕರೆಂಟ್ ಹರಿಸುವ ಸೆಲ್‌ಗೆ ಹೋಗುವಾಗ ಉಳಿಯಬಹುದಾದದ್ದು 20 ಪಿಪಿಬಿ ಆಸುಪಾಸು. ನೂರು ಕೋಟಿ ಭಾಗದಲ್ಲಿ ಇಪ್ಪತ್ತು ಭಾಗ!

ಎರಡನೇ ವಾರದ ಶುಕ್ರವಾರ, ಕ್ಲಾರಿಫೈಯರ್ ದಾಟಿದ ನೀರಿನ ಗಡಸುತನ, ಅಂದರೆ ಅದರಲ್ಲಿ ಉಳಿದ ಕ್ಯಾಲ್ಸಿಯಂ, ಮೆಗ್ನೀಷಿಯಂ ಎಷ್ಟು ಅಂತ ನೋಡುವ ಕೆಲಸ ನನ್ನ ಪಾಲಿಗೆ ಬಂತು. ಕಾಲೇಜಿನಲ್ಲಿ ಎಷ್ಟೋ ಸಲ ಮಾಡಿದ ಇಡಿಟಿಎ ಟೈಟ್ರೇಷನ್: ಬ್ಯುರೆಟ್ ಎಂಬ ಅಳತೆಯ ಕೊಳವೆಯಿಂದ ಇಡಿಟಿಎ ದ್ರಾವಣ ಹನಿಸುತ್ತಾ, ಬಣ್ಣ ತಿರುಗಲು ಎಷ್ಟು ಬೇಕಾಯಿತು ಎಂದು ನೋಡುವುದು. ನೂರು ಎಂಎಲ್ ಸ್ಯಾಂಪಲ್, ಮೂಗಿಗೆ ಹೊಡೆಯುವ ಅಮೋನಿಯಾ ಬಫರ್, ಒಂದು ಚಿಟಿಕೆ ಇಂಡಿಕೇಟರ್. ಕೆಂಪು ಹೋಗಿ ನೀಲಿ ಬಂದರೆ ಮುಗಿಯಿತು. 0.6 ಎಂಎಲ್‌ಗೆ ನೀಲಿ ಅನ್ನಿಸಿತು. ಲೆಕ್ಕ ಹಾಕಿ 6 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಆರು ಭಾಗ, ಎಂದು ಪುಸ್ತಕದಲ್ಲಿ ಬರೆದೆ.

ಶಿಫ್ಟಿನ ಹಿರಿಯ ಆಪರೇಟರ್ ಅದನ್ನು ನೋಡಿದರು. ಎಲ್ಲರೂ ಅವರನ್ನು ಅಣ್ಣ ಅಂತಲೇ ಕರೆಯುತ್ತಿದ್ದರು.

"ತಂಗಿ, ಇವತ್ತು ಬೆಳಿಗ್ಗೆ ಹೊಸ ಉಪ್ಪು ತೆಗೆದದ್ದು. ಆರು ಹೇಗೆ ಬಂತು?"

"ನೀಲಿ ಆಯ್ತಲ್ಲ ಅಣ್ಣ."

ಅವರು ಫ್ಲಾಸ್ಕ್ ಎತ್ತಿಕೊಂಡು ಕಿಟಕಿ ಹತ್ತಿರ ಹೋದರು. ಹೊರಗೆ ಮೋಡ, ಆದರೂ ಹಗಲಿನ ಬೆಳಕು. ಅಲ್ಲಿ ಅದು ನೀಲಿ ಇರಲಿಲ್ಲ. ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ.

"ಟ್ಯೂಬ್‌ಲೈಟ್ ಕೆಳಗೆ ಇದು ನೀಲಿಯೇ ಕಾಣ್ತದೆ. ಇನ್ನೊಂದು ಸಲ ಮಾಡು," ಅಂದರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ.

ಕಿಟಕಿ ಪಕ್ಕ ಬ್ಯುರೆಟ್ ಸ್ಟ್ಯಾಂಡ್ ಇಟ್ಟುಕೊಂಡು ಹನಿ ಹನಿ ಬಿಟ್ಟೆ. ಕೈ ನಡುಗುತ್ತಿತ್ತು. 1.1ಕ್ಕೆ ಬಣ್ಣ ತಟ್ಟನೆ ತಿರುಗಿತು. ಮೂರನೇ ಸಲವೂ ಅಷ್ಟೇ. 11 ಪಿಪಿಎಂ. ಹೆಚ್ಚುಕಡಿಮೆ ಎರಡು ಪಟ್ಟು! ಅಣ್ಣ ಕಂಟ್ರೋಲ್ ರೂಮಿಗೆ ಫೋನ್ ಮಾಡಿ ಸೋಡಾ ಆಶ್, ಕಾಸ್ಟಿಕ್ ಡೋಸಿಂಗ್ ಜಾಸ್ತಿ ಮಾಡಿಸಿದರು. ಮರುದಿನ ಬೆಳಿಗ್ಗೆ ನೀರು 5ಕ್ಕೆ ಇಳಿದಿತ್ತು. ನನ್ನ 6 ಅನ್ನು ಯಾರೂ ಅಳಿಸಲಿಲ್ಲ. ಅಡ್ಡಗೆರೆ ಎಳೆದು, ಪಕ್ಕದಲ್ಲಿ 11 ಬರೆದು, ಸಹಿ ಹಾಕಿಸಿದರು. ತಪ್ಪು ಓದಲು ಬರುವ ಹಾಗೇ ಉಳಿಯಬೇಕಂತೆ. ಕಾಲೇಜಿನ ಲ್ಯಾಬಿನಲ್ಲಿ ನಾವು ಉತ್ತರ ಮೊದಲೇ ತಿಳಿದುಕೊಂಡು ರೀಡಿಂಗ್ ಹೊಂದಿಸುತ್ತಿದ್ದೆವು. ಅದನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ.

ಶನಿವಾರ ಸಂಜೆ ಬಸ್ಸು ಹಿಡಿದು ಊರಿಗೆ ಹೋದೆ. ಆಗರಗಳೆಲ್ಲ ಮಳೆನೀರು ತುಂಬಿ ಕೆರೆಯಂತಾಗಿದ್ದವು. ಅಡುಗೆಮನೆಯಲ್ಲಿ ಅಜ್ಜಿಯ ಉಪ್ಪಿನ ಭರಣಿಯ ಕೆಳಗೆ ನೀರು ನಿಂತಿತ್ತು. ಹುಟ್ಟಿದಾಗಿನಿಂದ ನೋಡಿದ್ದೇ. ಆ ದಿನ ಮಾತ್ರ ಅಲ್ಲೇ ಕೂತುಬಿಟ್ಟೆ. ಗಾಳಿಯ ತೇವ ಎಳೆದುಕೊಳ್ಳುವುದು ಮುಖ್ಯವಾಗಿ ಉಪ್ಪಿನ ಜೊತೆ ಉಳಿದ ಮೆಗ್ನೀಷಿಯಂ ಕ್ಲೋರೈಡ್. ಲ್ಯಾಬಿನಲ್ಲಿ ನಾನು ಹುಡುಕಿದ್ದು ಇದನ್ನೇ ಅಲ್ವಾ!

"ಮಳೆಗಾಲದಲ್ಲಿ ಉಪ್ಪು ಅಳ್ತದೆ ಮಗಾ," ಅಂದಳು ಅಜ್ಜಿ. "ಕಹಿನೀರು ಪೂರ್ತಿ ಬಿಡದೆ ಬಾಚಿದ್ರೆ ಇನ್ನೂ ಜಾಸ್ತಿ. ನಿನ್ನ ಅಜ್ಜ ಕೈಯಲ್ಲಿ ಮುಟ್ಟಿಯೇ ಹೇಳ್ತಿದ್ರು, ಇನ್ನು ನೀರು ಬಿಡಬೇಕು ಅಂತ."

ಉಪ್ಪಿನ ಹರಳು ತಳಕ್ಕೆ ಕೂತ ನಂತರ ಮೇಲೆ ನಿಲ್ಲುವ ಆ ಕಹಿನೀರಿನಲ್ಲಿ ತುಂಬಿರುವುದೂ ಮೆಗ್ನೀಷಿಯಮ್ಮೇ. ಅಜ್ಜನ ಹತ್ತಿರ ಬ್ಯುರೆಟ್ ಇರಲಿಲ್ಲ.

ಸೋಮವಾರ ಆ ಭರಣಿಯ ಒಂದು ಮುಷ್ಟಿ ಉಪ್ಪನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿಕೊಂಡು ಲ್ಯಾಬಿಗೆ ಹೋದೆ. ಊಟದ ಬಿಡುವಿನಲ್ಲಿ ಅಣ್ಣನೂ ಬಂದು ಪಕ್ಕ ನಿಂತರು. ಬ್ಯುರೆಟ್ ಇಳಿಯುತ್ತಲೇ ಇತ್ತು, ಇಳಿಯುತ್ತಲೇ ಇತ್ತು, ಬಣ್ಣ ಇನ್ನೂ ಕೆಂಪು. ನಾನು ಸ್ಟ್ಯಾಂಡನ್ನು ಇನ್ನಷ್ಟು ಕಿಟಕಿಯ ಹತ್ತಿರಕ್ಕೆ ಸರಿಸಿದೆ.