ಕಾರ್ಬನ್ ಎಂದರೆ ದೋಟಿ

ನಮ್ಮ ಪೆರ್ಲದ ಕಡೆ ಈಗ ಕಾರ್ಬನ್ ಎಂದರೆ ದೋಟಿ. ಮರ ಹತ್ತುವವರು ಸಿಗದ ಕಾಲಕ್ಕೆ, ನೆಲದಲ್ಲೇ ನಿಂತು ಅಡಿಕೆಗೆ ಮದ್ದು ಬಿಡಲು ಬಂದ ಕಾರ್ಬನ್ ಫೈಬರಿನ ಹಗುರ ದೋಟಿ. ಹಾಗಾಗಿ ಮಂಗಳೂರಿನಲ್ಲಿ ಅರ್ಥಶಾಸ್ತ್ರ ಓದುತ್ತಿರುವ ಅಣ್ಣನ ಮಗಳು ಮೊನ್ನೆ ಬಂದು, "ಅತ್ತೆ, ಕಾರ್ಬನ್ನಿಗೆ ಎಷ್ಟು ಬೆಲೆ ಇಡಬೇಕು ಎಂಬುದೇ ನನ್ನ ಪ್ರಬಂಧ" ಎಂದಾಗ, ಚಾವಡಿಯಲ್ಲಿ ಕುಳಿತಿದ್ದ ನೆರೆಮನೆಯ ಭಟ್ಟರು "ಎಷ್ಟು ಅಡಿಯದ್ದು?" ಎಂದು ಕೇಳಿದರು.

ಅವಳದ್ದು ಹೊಗೆಯ ಲೆಕ್ಕ, ಭೂಮಿಯನ್ನು ಬಿಸಿ ಮಾಡುವ ಇಂಗಾಲದ ಹೊಗೆಗೆ ಎಷ್ಟು ಬೆಲೆ ಎಂದು. ವಿಲಿಯಂ ನಾರ್ಡ್‌ಹೌಸ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು ಕಟ್ಟಿದ ಮಾದರಿಯ ಹೆಸರು ಡೈಸ್. ಪಗಡೆಯ ದಾಳಕ್ಕೂ ಇಂಗ್ಲಿಷಿನಲ್ಲಿ ಅದೇ ಹೆಸರು! ದುಡಿಮೆಯಿಂದ ಹೊಗೆ, ಹೊಗೆಯಿಂದ ಬಿಸಿ, ಬಿಸಿಯಿಂದ ದುಡಿಮೆಗೆ ಪೆಟ್ಟು. ಹೊಗೆ ತಗ್ಗಿಸಲು ಇಂದು ಮಾಡುವ ಖರ್ಚನ್ನೂ ನಾಳೆ ತಪ್ಪುವ ನಷ್ಟವನ್ನೂ ತೂಗಿ ನೋಡುವುದು ಅದರ ಕೆಲಸ. 2018ರ ಅಕ್ಟೋಬರ್ 8ರಂದು ಅವರಿಗೆ ನೊಬೆಲ್ ಘೋಷಣೆಯಾಯಿತು. ಬಿಸಿ 1.5 ಡಿಗ್ರಿ ದಾಟಿದರೆ ಏನಾದೀತು ಎಂಬ ವಿಶ್ವಸಂಸ್ಥೆಯ ವಿಜ್ಞಾನಿಗಳ ವರದಿ ಹೊರಬಂದದ್ದೂ ಅದೇ ದಿನ. ನಾರ್ಡ್‌ಹೌಸರ ಲೆಕ್ಕದಲ್ಲಾದರೋ, ಶತಮಾನದ ಕೊನೆಗೆ ಸುಮಾರು 3.5 ಡಿಗ್ರಿ ಏರಲು ಬಿಡುವುದೇ ಲಾಭದ ದಾರಿ.

ಮೂವತ್ತೊಂದು ವರ್ಷ ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತೆಯಾಗಿದ್ದವಳು ನಾನು. ಬಡ್ಡಿ ಎಲ್ಲಿ ಬರೆದಿದೆ ಎಂದು ಮೊದಲು ಕೇಳಿದೆ. ಅವಳು ಲ್ಯಾಪ್‌ಟಾಪಿನಲ್ಲಿ ಒಂದು ಚೌಕ ತೋರಿಸಿದಳು. ಅರ್ಥಶಾಸ್ತ್ರದವರು ಅದನ್ನು ಡಿಸ್ಕೌಂಟ್ ರೇಟ್ ಎನ್ನುತ್ತಾರೆ. ನನಗೆ ಅದು ಹಿಂದುಮುಂದಾದ ಚಕ್ರಬಡ್ಡಿ. ಐವತ್ತು ವರ್ಷದ ಆಚೆಗಿನ 100 ರೂಪಾಯಿ ನಷ್ಟಕ್ಕೆ ಇಂದಿನ ಬೆಲೆ ಎಷ್ಟು? ಶೇ. 1.4 ಹಿಡಿದರೆ 50 ರೂಪಾಯಿ, 4.5 ಹಿಡಿದರೆ 11, 7 ಹಿಡಿದರೆ ಮೂರೂವರೆಗೂ ಕಡಿಮೆ. 2006ರಲ್ಲಿ ಬ್ರಿಟಿಷ್ ಸರಕಾರಕ್ಕೆ ವರದಿ ಬರೆದ ನಿಕೋಲಸ್ ಸ್ಟರ್ನ್ ಹಿಡಿದದ್ದು ಸುಮಾರು 1.4, ಹಾಗಾಗಿ "ಈಗಲೇ ಹೊರಡಿ" ಎಂದರು. ನಾರ್ಡ್‌ಹೌಸ್ ಹಿಡಿದದ್ದು ನಾಲ್ಕರಿಂದ ಐದರ ನಡುವೆ, ಹಾಗಾಗಿ ನಿಧಾನ. ಅಮೆರಿಕ ಒಂದು ಟನ್ ಇಂಗಾಲದ ಡೈಆಕ್ಸೈಡಿನ ಹಾನಿಯನ್ನು 2021ರಲ್ಲಿ 51 ಡಾಲರ್ ಎಂದಿತ್ತು, 2023ರಲ್ಲಿ ಅಲ್ಲಿನ ಪರಿಸರ ಇಲಾಖೆ ಬಡ್ಡಿ ಎರಡಕ್ಕೆ ಇಳಿಸಿ 190 ಎಂದಿತು. ಅದಕ್ಕೂ ಮೊದಲು, ಟ್ರಂಪ್ ಸರಕಾರದ ಮೊದಲ ಅವಧಿಯಲ್ಲಿ ಅದು ಹತ್ತು ಡಾಲರಿಗೂ ಕೆಳಗಿತ್ತು.

ಇದು ನನಗೆ ಹೊಸತಲ್ಲ. ತೋಟದ ಸಾಲಕ್ಕೆ ಯೋಜನಾ ವರದಿ ಬರೆಯುವಾಗ ಎಷ್ಟು ಸಾಲ ಮಂಜೂರಾಗಬೇಕೆಂದು ಮೊದಲೇ ತಿಳಿದಿರುತ್ತಿತ್ತು. ಅಲ್ಲಿಂದ ಹಿಂದಕ್ಕೆ ಬರುತ್ತಿದ್ದೆ. ಮರಕ್ಕೆ ಎರಡು ಕಿಲೋ ಎಂದು ಬರೆದರೆ ಕಂತು ತೀರುವುದಿಲ್ಲ, ಎರಡೂವರೆ ಎಂದರೆ ತೀರುತ್ತದೆ. ಎರಡೂವರೆ ಎಂದೇ ಬರೆದೆ, ಬಹಳ ಸಲ. ಕೂಡಿಸಿ ಕಳೆದದ್ದರಲ್ಲಿ ಒಂದು ಪೈಸೆಯ ತಪ್ಪೂ ಇರುತ್ತಿರಲಿಲ್ಲ.

ನನಗೆ ಸಿಟ್ಟು ಬಂದದ್ದು ಮತ್ತೊಂದು ಚೌಕ ನೋಡಿ. ಅವಳ ಬಳಿಯಿದ್ದ 2016ರ ಆವೃತ್ತಿಯಲ್ಲಿ 3 ಡಿಗ್ರಿ ಏರಿದರೆ ಜಗತ್ತಿನ ಆದಾಯದಲ್ಲಿ ನಷ್ಟ ಶೇ. 2.1, 6 ಡಿಗ್ರಿಗೆ ಶೇ. 8.5. ನುಣುಪಾದ ಗೆರೆ. ನಷ್ಟ ಹೀಗೆ ಗೆರೆ ಹಿಡಿದು ಬರುತ್ತದೆಯೇ? ಆಟಿಯಲ್ಲಿ ಕೊಳೆರೋಗ ಬರುವುದನ್ನು ನೋಡಿದವರು ಹೇಳಲಿ. ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್ ಸಿದ್ಧಮಾಡಿ ಎರಡನೆಯ ಮದ್ದಿಗೆ ಕಾಯುತ್ತೇವೆ. ಮಳೆ ಒಂದು ದಿನ ಬಿಡದಿದ್ದರೆ ಚಿಂತೆಯಿಲ್ಲ, ಮೂರು ದಿನಕ್ಕೂ ತಡೆಯುತ್ತದೆ. ಎಂಟು ದಿನ ಬಿಡದೆ ಹೊಯ್ದರೆ ಬುಡದಲ್ಲಿ ಹಸಿರು ಕಾಯಿ, ಮೈಮೇಲೆ ನೀರು ಕುಡಿದಂಥ ಕಲೆ, ಅದರ ಮೇಲೆ ಬಿಳಿ ಬೂಷ್ಟು. ಮಳೆಯ ದಿನ ಮೂರರಿಂದ ಎಂಟಾದದ್ದು ಅಷ್ಟೇ, ಗೊನೆಗೊನೆಯೇ ಖಾಲಿ. ಮಾರ್ಟಿನ್ ವೈಟ್ಜ್‌ಮನ್ ಎಂಬ ಅರ್ಥಶಾಸ್ತ್ರಜ್ಞರು ಹೇಳಿದ್ದೂ ಇದನ್ನೇ ಎಂದಳು ಅಣ್ಣನ ಮಗಳು: ಸರಾಸರಿ ನಷ್ಟವನ್ನಲ್ಲ, ಅಪರೂಪಕ್ಕೆ ಬಂದು ಎಲ್ಲವನ್ನೂ ಒಯ್ಯುವ ನಷ್ಟವನ್ನು ಎಣಿಸಬೇಕು ಎಂದು. ಅವರ ಮನೆಯಲ್ಲಿ ಅಡಿಕೆ ತೋಟ ಇದ್ದಿರಲಾರದು, ಆದರೂ ತಿಳಿದಿತ್ತು.

ನಮ್ಮ ದೇಶದ ಗುರಿಯನ್ನೂ ಕೇಳಿದೆ. 2030ರೊಳಗೆ ಶೇ. 45 ಇಳಿಕೆ, 2005ಕ್ಕೆ ಹೋಲಿಸಿ. ಇಳಿಯುವುದು ಹೊಗೆಯಲ್ಲ, ಪ್ರತಿ ರೂಪಾಯಿ ಉತ್ಪನ್ನಕ್ಕೆ ಬೀಳುವ ಹೊಗೆ. ಉತ್ಪನ್ನ ಮೂರು ಪಟ್ಟಾದರೆ ಒಟ್ಟು ಹೊಗೆ ಒಂದೂವರೆ ಪಟ್ಟಿಗೂ ಹೆಚ್ಚಾಗುತ್ತದೆ. ಬೆಳೆಯುವ ದೇಶ, ನಾನು ಆಕ್ಷೇಪಿಸುವುದಿಲ್ಲ. ಪತ್ರಿಕೆಯ ತಲೆಬರಹ ಓದಿ ಹೊಗೆ ಅರ್ಧಕ್ಕೆ ಇಳಿಯುತ್ತದೆಂದು ನಂಬಿದ್ದೆ, ಅಷ್ಟೇ.

ಕರೆಂಟು ಹೋಯಿತು. ಲ್ಯಾಪ್‌ಟಾಪಿನ ಬೆಳಕಿನಲ್ಲಿ ಅವಳು ಬಡ್ಡಿಯ ಚೌಕವನ್ನು ಖಾಲಿ ಮಾಡಿ ನನ್ನ ಕಡೆ ತಿರುಗಿಸಿದಳು.

"ನೀವಾದರೆ ಎಷ್ಟು ಹಾಕುತ್ತೀರಿ, ಅತ್ತೆ?"

"ಎರಡು."

"ಎರಡೇ ಏಕೆ?"

"ಸಾಲ ಮಂಜೂರಾಗಲಿ ಎಂದು."