ಪೋರ್ಟ್ ಮಾಡಿಸುವ ಮೊದಲು ಅಂಗಳಕ್ಕಿಳಿದು ನೋಡಿ

ಮಳೆಗಾಲ ಹಿಡಿದು ಆಟಿ ಬರುವಷ್ಟರಲ್ಲಿ ಕಾರ್ಕಳ, ಹೆಬ್ರಿ, ಬೆಳ್ತಂಗಡಿ ಕಡೆಯ ಮನೆಗಳಲ್ಲಿ ಕೇಳುವ ಮಾತು ಒಂದೇ: "ರೇಂಜೇ ಇಲ್ಲ ಮಾರಾಯ್ರೇ, ಪೋರ್ಟ್ ಮಾಡಿಸಬೇಕು." ಅಂದರೆ ಇದ್ದ ಮೊಬೈಲ್ ನಂಬರನ್ನೇ ಉಳಿಸಿಕೊಂಡು ಕಂಪೆನಿ ಬದಲಿಸಬೇಕು. ಮಾಡಿಸಿ, ಬೇಡವೆನ್ನುವುದಿಲ್ಲ. ಆದರೆ ಒಮ್ಮೆ ಪೋರ್ಟ್ ಆದ ನಂಬರನ್ನು 90 ದಿನ ಮತ್ತೆ ಕದಲಿಸುವಂತಿಲ್ಲ. ಹೊಸ ಕಂಪೆನಿಯದ್ದೂ ಅದೇ ಪಾಡು ಎಂದು ಗೊತ್ತಾಗಲು ಎರಡು ದಿನ ಸಾಕು, ಅನುಭವಿಸುವುದು ಮಾತ್ರ ಮೂರು ತಿಂಗಳು. ಪ್ಲಾನಿನ ಬೆಲೆ ನೋಡುವ ಮೊದಲೇ, ನಿಮ್ಮ ಮನೆಗೆ ಯಾವ ಕಂಪೆನಿಯ ಯಾವ ಅಲೆ ತಲುಪುತ್ತದೆ ಎಂದು ನೋಡಬೇಕು. ಉಳಿದ ಲೆಕ್ಕವೆಲ್ಲ ಆಮೇಲಿನದು.

ಕಡ್ಡಿಗಳನ್ನು ನಂಬಬೇಡಿ. ಎಷ್ಟು ಸಿಗ್ನಲಿಗೆ ಎಷ್ಟು ಕಡ್ಡಿ ಎಂಬುದನ್ನು ಒಂದೊಂದು ಫೋನು ಒಂದೊಂದು ರೀತಿ ತೋರಿಸುತ್ತದೆ. ಆಂಡ್ರಾಯ್ಡ್ ಫೋನಾದರೆ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್, ಅದರೊಳಗೆ ಸಿಮ್ ಸ್ಟೇಟಸ್ ತೆರೆದರೆ ಸಿಗ್ನಲ್ ಸ್ಟ್ರೆಂತ್ ಎಂದು ಡಿಬಿಎಂ ಲೆಕ್ಕದಲ್ಲಿ ಒಂದು ಸಂಖ್ಯೆ ಸಿಗುತ್ತದೆ. ಐಫೋನಾದರೆ *3001#12345#* ಒತ್ತಿ ಕರೆ ಮಾಡಿದರೆ ಫೀಲ್ಡ್ ಟೆಸ್ಟ್ ಪುಟ ತೆರೆಯುತ್ತದೆ. ಸಂಖ್ಯೆಯ ಹಿಂದೆ ಮೈನಸ್ ಇರುವುದರಿಂದ ಅದರ ಮುಂದಿನ ಅಂಕಿ ಚಿಕ್ಕದಾದಷ್ಟೂ ಒಳ್ಳೆಯದು. 4ಜಿಯಲ್ಲಿ ಮೈನಸ್ 85ರ ಸುತ್ತ ಇದ್ದರೆ ಗಟ್ಟಿ, 100ರವರೆಗೆ ಕೆಲಸ ನಡೆಯುತ್ತದೆ, 110 ದಾಟಿದರೆ ಮಾತು ತುಂಡು ತುಂಡು, 118-120ಕ್ಕೆ ಫೋನು ಕೈಬಿಡುತ್ತದೆ. ಮೈನಸ್ 90ಕ್ಕೂ 110ಕ್ಕೂ ಅಂತರ ಬರೀ 20 ಎನಿಸಬಹುದು, ಆದರೆ ಶಕ್ತಿಯ ಲೆಕ್ಕದಲ್ಲಿ ಅದು ನೂರನೇ ಒಂದು ಪಾಲು.

ಈ ಸಂಖ್ಯೆಯನ್ನು ಮೊದಲು ಅಂಗಳದಲ್ಲಿ, ಆಮೇಲೆ ಚಾವಡಿಯಲ್ಲಿ, ಕೊನೆಗೆ ಒಳಕೋಣೆಯಲ್ಲಿ ನೋಡಿ. ಅಂಗಳದಲ್ಲಿ 92, ಕೋಣೆಯಲ್ಲಿ 114 ಬಂದರೆ ತೊಂದರೆ ಕಂಪೆನಿಯದ್ದಲ್ಲ, ಮನೆಯದ್ದು. ದಪ್ಪ ಮುರಕಲ್ಲಿನ ಗೋಡೆ ಮಳೆನೀರು ಕುಡಿದಾಗ ಅಲೆಯನ್ನು ಇನ್ನಷ್ಟು ನುಂಗುತ್ತದೆ. ಹಂಚಿನ ಮಾಡು ಅಷ್ಟು ತೊಂದರೆ ಕೊಡುವುದಿಲ್ಲ. ಆದರೆ ಸೋರುತ್ತದೆಂದು ತಾರಸಿಯ ಮೇಲೆ ಹೊದಿಸುವ ತಗಡಿನ ಶೀಟು ಇದೆಯಲ್ಲ, ಲೋಹವಾದ್ದರಿಂದ ಅದು ಸಿಗ್ನಲಿಗೆ ನೇರ ಅಡ್ಡ. ಶೀಟು ಹಾಕಿಸಿದ ಬಳಿಕವೇ ರೇಂಜ್ ಹೋಯಿತೆಂದು ಎಷ್ಟೋ ಮನೆಯವರಿಗೆ ಹೊಳೆಯುವುದೇ ಇಲ್ಲ. ಅಂಗಳದಲ್ಲೇ 115 ಇದ್ದರೆ ಮಾತು ಬೇರೆ. ಬೈಲಿನ ಮನೆಗೂ ಟವರಿಗೂ ನಡುವೆ ಗುಡ್ಡೆ ಇದೆ, ಅಥವಾ ಟವರೇ ದೂರ ಇದೆ. ಆಗ ಕಂಪೆನಿ ಬದಲಿಸುವುದರಲ್ಲಿ ಅರ್ಥವಿದೆ.

ಯಾವ ಕಂಪೆನಿ ಎಂಬುದು ಅಲೆಯ ಬ್ಯಾಂಡಿನ, ಅಂದರೆ ಅದರ ಆವರ್ತನದ, ಮೇಲೆ ನಿಂತಿದೆ. 700, 850, 900 ಮೆಗಾಹರ್ಟ್ಸ್‌ನ ಅಲೆಗಳು ದೂರ ಹೋಗುತ್ತವೆ, ಗೋಡೆ ದಾಟುತ್ತವೆ, ಗುಡ್ಡೆಯ ಬದಿಗೂ ಸ್ವಲ್ಪ ಬಾಗುತ್ತವೆ. 2300, 3500ರ ಅಲೆಗಳು ವೇಗ ಕೊಡುತ್ತವೆ, ಆದರೆ ಅಡಕೆ ತೋಟದ ಸೋಗೆಗೂ ಸೋಲುತ್ತವೆ. ಜಿಯೋದ 4ಜಿಗೆ 850, 5ಜಿಗೆ 700 ಇದೆ. ಏರ್‌ಟೆಲ್, ವಿಐಗೆ (ವೊಡಾಫೋನ್ ಐಡಿಯಾ) 900 ಇದೆ. ಬಿಎಸ್‌ಎನ್‌ಎಲ್‌ನ ಹೊಸ 4ಜಿ 700 ಮತ್ತು 2100ರಲ್ಲಿ ನಡೆಯುತ್ತದೆ. ಫೋನಿಗೆ ಆ ಬ್ಯಾಂಡ್ ಇಲ್ಲದಿದ್ದರೆ ಟವರ್ ಮನೆಯೆದುರೇ ಇದ್ದರೂ ಪ್ರಯೋಜನವಿಲ್ಲ. ಬಿಎಸ್‌ಎನ್‌ಎಲ್‌ಗೆ ಹೋಗಿ ಬೇಸತ್ತವರಲ್ಲಿ ಅನೇಕರ ಕಥೆ ಇಷ್ಟೇ: ಹಳೆಯ ಫೋನಿಗೆ ಬ್ಯಾಂಡ್ 28, ಅಂದರೆ 700, ಇರುವುದಿಲ್ಲ. ಇಲ್ಲವೇ ಸಿಮ್ಮೇ 3ಜಿ ಕಾಲದ್ದಾಗಿದ್ದು 4ಜಿ ಸಿಮ್ಮಿಗೆ ಬದಲಿಸಿಕೊಂಡಿರುವುದಿಲ್ಲ.

ಮನೆಯೊಳಗೆ ಮಾತ್ರ ತೊಂದರೆ, ಆದರೆ ಫೈಬರ್ ಅಥವಾ ಕೇಬಲ್ ಇಂಟರ್‌ನೆಟ್ ಇದೆ ಎಂದಾದರೆ ಪೋರ್ಟಿನ ಗೊಡವೆಯೇ ಬೇಡ. ಸಿಮ್ ಸೆಟ್ಟಿಂಗ್ಸ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ. ಕರೆ ನಿಮ್ಮದೇ ನಂಬರಿನಿಂದ ವೈಫೈ ಮೂಲಕ ಹೋಗುತ್ತದೆ, ದೇಶದೊಳಗಿನ ಕರೆಗೆ ಬೇರೆ ದರವಿಲ್ಲ. ಕರೆಂಟು ಹೋದರೆ ರೂಟರ್ ಆರುತ್ತದೆಂಬುದೊಂದೇ ಕೊರತೆ. 12 ವೋಲ್ಟಿನ ಪುಟ್ಟ ಯುಪಿಎಸ್ ಇಟ್ಟರೆ ಅದೂ ತೀರಿತು. ರೂಟರ್, ಫೈಬರ್ ಪೆಟ್ಟಿಗೆ ಬೇರೆ ಬೇರೆ ಇದ್ದರೆ ಎರಡಕ್ಕೂ ವಿದ್ಯುತ್ ಸಿಗಬೇಕು, ಒಂದಕ್ಕೆ ಮಾತ್ರ ಕೊಟ್ಟು ಕೈಕಟ್ಟಿ ಕೂತರೆ ಆಗದು. ಆನ್‌ಲೈನಿನಲ್ಲಿ ಸಿಗುವ 'ಸಿಗ್ನಲ್ ಬೂಸ್ಟರ್' ಮಾತ್ರ ಬೇಡವೇ ಬೇಡ. ಅನುಮತಿಯಿಲ್ಲದೆ ಅದನ್ನು ಹಾಕುವುದು ಕಾನೂನುಬಾಹಿರ. ಜೊತೆಗೆ ಆಚೀಚೆ ಮನೆಯವರ ಸಿಗ್ನಲನ್ನೂ ಕೆಡಿಸುತ್ತದೆ.

ಬೇಸಗೆಯಲ್ಲಿ ಸರಿಯಿದ್ದು ಮಳೆಗಾಲದಲ್ಲಿ ಮಾತ್ರ ಕೈಕೊಡುವ ರೇಂಜಿಗೆ ಕಾರಣ ಬಹುಪಾಲು ಮಳೆಯಲ್ಲ, ಕರೆಂಟು. ಮರ ಬಿದ್ದು ಮೆಸ್ಕಾಂ ಲೈನು ಹೋದರೆ ಟವರ್ ಬ್ಯಾಟರಿಯ ಮೇಲೆ ನಿಲ್ಲುತ್ತದೆ. ಬ್ಯಾಟರಿ ಹಳತಾಗಿದ್ದು, ಜನರೇಟರಿಗೆ ಡೀಸೆಲ್ ತಲುಪದಿದ್ದರೆ ಅದೂ ಕೆಲವೇ ಗಂಟೆ. ಇಲ್ಲೊಂದು ಸೂಕ್ಷ್ಮವಿದೆ. ಒಂದೇ ಕಂಬದ ಮೇಲೆ ಎರಡು ಮೂರು ಕಂಪೆನಿಗಳ ಆಂಟೆನಾ ಇರುತ್ತವೆ, ಅವಕ್ಕೆ ಬ್ಯಾಟರಿಯೂ ಜನರೇಟರೂ ಒಂದೇ. ಏರ್‌ಟೆಲ್ ಮತ್ತು ವಿಐ, ಇಂಡಸ್ ಟವರ್ಸ್ ಎಂಬ ಟವರ್ ಕಂಪೆನಿಯ ಕಂಬಗಳನ್ನು ಹಂಚಿಕೊಳ್ಳುವುದು ಸಾಮಾನ್ಯ. ಕರೆಂಟು ಹೋದಾಗ ಎರಡೂ ಒಟ್ಟಿಗೆ ಸಾಯುತ್ತಿದ್ದರೆ ಒಂದರಿಂದ ಇನ್ನೊಂದಕ್ಕೆ ಪೋರ್ಟ್ ಮಾಡಿಸಿ ಫಲವಿಲ್ಲ. ಕಂಬದ ಬೇಲಿಯ ಬಳಿ ಹೋದರೆ ಯಾರದ್ದೆಂದು ಬೋರ್ಡಿನಲ್ಲಿ ಬರೆದಿರುತ್ತದೆ. ರಾಷ್ಟ್ರೀಯ ಹೆದ್ದಾರಿ 66, 169ಎ ಬದಿಯಲ್ಲಿ ಜೆಸಿಬಿ ಫೈಬರ್ ಕಡಿದಾಗಲೂ ಹೀಗೆಯೇ. ಕಡ್ಡಿ ತುಂಬ ಇರುತ್ತದೆ, ಇಂಟರ್‌ನೆಟ್ ಮಾತ್ರ ಸತ್ತಿರುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಬದಲಿಸುವುದೇ ಎಂದಾದರೆ, ಹೋಗಬೇಕೆಂದಿರುವ ಕಂಪೆನಿಯ ಹೊಸ ಸಿಮ್ಮೊಂದನ್ನು ಕೊಂಡು 28 ದಿನದ ಚಿಕ್ಕ ಪ್ಯಾಕ್ ಹಾಕಿಸಿ, ಎರಡನೇ ಸ್ಲಾಟಿನಲ್ಲಿಡಿ. ರಾತ್ರಿ ಎಂಟರಿಂದ ಹತ್ತರ ನಡುವೆ, ಊರೆಲ್ಲ ವಿಡಿಯೋ ನೋಡುವ ಹೊತ್ತಿನಲ್ಲಿ ವೇಗ ನೋಡಿ. ಕರೆಂಟು ಹೋಗಿ ಒಂದೆರಡು ಗಂಟೆಯಾದ ಮೇಲೆ ನೋಡಿ. ಕಂಪೆನಿಗಳ ವೆಬ್‌ಸೈಟಿನ ಕವರೇಜ್ ನಕ್ಷೆ ಗೋಡೆಯೊಳಗಿನ ಸಂಗತಿಯನ್ನು ಹೇಳುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ಆ ಸಿಮ್ಮನ್ನು ಎಸೆಯದೆ ಬಂದ್ ಮಾಡಿಸಿ. ಒಬ್ಬರ ಹೆಸರಿನಲ್ಲಿ 9 ಸಿಮ್ಮಷ್ಟೇ ಇರಬಹುದು, ನಿಮ್ಮ ಹೆಸರಲ್ಲಿ ಎಷ್ಟಿವೆ ಎಂದು ಸರಕಾರದ ಸಂಚಾರ್ ಸಾಥಿ ಪೋರ್ಟಲ್ ತೋರಿಸುತ್ತದೆ.

ತಲಪಾಡಿ, ಉಳ್ಳಾಲದವರಿಗೆ ಒಂದು ಮಾತು. ಅಲ್ಲಿ ಫೋನು ಆಗಾಗ ಕೇರಳ ವೃತ್ತದ (ಟೆಲಿಕಾಂ ವಲಯದ) ಟವರಿಗೆ ಅಂಟಿಕೊಂಡು ರೋಮಿಂಗ್ ಎಂದು ತೋರಿಸುತ್ತದೆ. ಫೋನಿನಲ್ಲಿ ಡೇಟಾ ರೋಮಿಂಗ್ ಆಫ್ ಇದ್ದರೆ ಇಂಟರ್‌ನೆಟ್ ನಿಂತುಬಿಡುತ್ತದೆ. ಅದನ್ನು ಆನ್ ಮಾಡಿದರಾಯಿತು, ಇದಕ್ಕಾಗಿ ಪೋರ್ಟ್ ಮಾಡಿಸಿದವರಿದ್ದಾರೆ!

ಇನ್ನು ಪೋರ್ಟಿನ ಕ್ರಮ. ಬದಲಿಸಬೇಕಾದ ಸಿಮ್ಮಿನಿಂದಲೇ, ಇಂಗ್ಲಿಷ್ ಅಕ್ಷರದಲ್ಲಿ ಪೋರ್ಟ್ ಎಂದು ಬರೆದು, ಒಂದು ಜಾಗ ಬಿಟ್ಟು, ಹತ್ತಂಕಿಯ ನಂಬರ್ ಹಾಕಿ 1900ಕ್ಕೆ ಸಂದೇಶ ಕಳಿಸಿ. ಪ್ಯಾಕಿನಲ್ಲಿ ಎಸ್‌ಎಂಎಸ್ ಇಲ್ಲದಿದ್ದರೂ ಈ ಸಂದೇಶ ಹೋಗುವಂತಿರಬೇಕೆಂದು ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ 2021ರ ಡಿಸೆಂಬರಿನಲ್ಲಿ ಕಂಪೆನಿಗಳಿಗೆ ಸೂಚಿಸಿದೆ. ಮರಳಿ ಬರುವ ಎಂಟಕ್ಷರದ ಯುಪಿಸಿ ಕೋಡ್ ಕರ್ನಾಟಕದಲ್ಲಿ 4 ದಿನ ಮಾತ್ರ ಊರ್ಜಿತ. ಅಷ್ಟರೊಳಗೆ ಆಧಾರ್ ಹಿಡಿದು ಹೊಸ ಕಂಪೆನಿಯ ಅಂಗಡಿಗೆ ಹೋಗಬೇಕು, ಅಲ್ಲೇ ನಿಮ್ಮ ಫೋಟೋ ತೆಗೆಯುತ್ತಾರೆ. ಅದೇ ವೃತ್ತದೊಳಗಾದರೆ 3 ಕೆಲಸದ ದಿನ, ಮಂಜೇಶ್ವರದಲ್ಲಿ ಕೊಂಡ ಕೇರಳದ ನಂಬರನ್ನು ಕರ್ನಾಟಕಕ್ಕೆ ತರುವುದಾದರೆ 5. ಭಾನುವಾರ, ಸರಕಾರಿ ರಜೆ ಲೆಕ್ಕಕ್ಕಿಲ್ಲದ್ದರಿಂದ ಚೌತಿಯ ಹಿಂದಿನ ದಿನ ಶುರು ಮಾಡಿದರೆ ಎಳೆಯುತ್ತದೆ. ಮನಸ್ಸು ಬದಲಾದರೆ ಅರ್ಜಿ ಹಾಕಿದ 24 ಗಂಟೆಯೊಳಗೆ ಅದೇ 1900ಕ್ಕೆ ಕ್ಯಾನ್ಸಲ್ ಸಂದೇಶ ಕಳಿಸಬಹುದು. ಹಳೆ ಸಿಮ್ ಸತ್ತ ಮೇಲೆಯೇ ಹೊಸದನ್ನು ಹಾಕಿ. ನಡುವೆ ಕೆಲವು ಗಂಟೆ ಎರಡೂ ಇರುವುದಿಲ್ಲ, ಆಸ್ಪತ್ರೆ, ಪ್ರಯಾಣ ಇರುವ ದಿನ ಇದು ಬೇಡ.

ಕೋಡ್ ಬಾರದಿರಲು ಕಾರಣಗಳು ಬೆರಳೆಣಿಕೆಯವು: ಈಗಿನ ಕಂಪೆನಿಯಲ್ಲಿ 90 ದಿನ ಆಗಿಲ್ಲ, ಪೋಸ್ಟ್‌ಪೇಯ್ಡ್ ಬಿಲ್ಲು ಬಾಕಿ ಇದೆ, ಹೆಸರು ವರ್ಗಾವಣೆ ಅರ್ಧದಲ್ಲಿದೆ. 2024ರ ಜುಲೈ 1ರಿಂದ ಇನ್ನೊಂದು ಸೇರಿದೆ: ಸಿಮ್ ಕಳೆದೋ ಕೆಟ್ಟೋ ಬದಲಿ ಸಿಮ್ ತೆಗೆದುಕೊಂಡಿದ್ದರೆ 7 ದಿನ ಕೋಡ್ ಕೊಡುವುದಿಲ್ಲ. ವಂಚಕರು ಬದಲಿ ಸಿಮ್ ಪಡೆದು ಕೂಡಲೇ ನಂಬರ್ ಹಾರಿಸಿಕೊಂಡು ಹೋಗುವುದನ್ನು ತಡೆಯಲಿಕ್ಕೆ ಬಂದ ನಿಯಮವದು.

ನಮ್ಮ ಜಿಲ್ಲೆಗಳಲ್ಲಿ ಹೆಚ್ಚು ಸಿಕ್ಕಿಬೀಳುವುದು ಹೆಸರಿನಲ್ಲಿ. ಅಮ್ಮ ಬಳಸುವ ಸಿಮ್ ದುಬೈಯಲ್ಲಿರುವ ಮಗನ ಹೆಸರಲ್ಲಿ ಅಥವಾ ತೀರಿಹೋದ ಅಪ್ಪನ ಹೆಸರಲ್ಲಿ ಇರುತ್ತದೆ. ಅಮ್ಮನ ಆಧಾರ್ ಕೊಟ್ಟು ಅದನ್ನು ಪೋರ್ಟ್ ಮಾಡಿಸಲಾಗದು. ಮೊದಲು ಹಳೆ ಕಂಪೆನಿಯಲ್ಲೇ ಹೆಸರು ಬದಲಾಗಬೇಕು. ತೀರಿಹೋದವರದ್ದಾದರೆ ಮರಣ ಪತ್ರ ಮತ್ತು ಸಂಬಂಧದ ದಾಖಲೆ ಕೇಳುತ್ತಾರೆ.

ಪೋರ್ಟ್ ಆದೊಡನೆ ಹಳೆ ಪ್ಯಾಕಿನ ಉಳಿದ ದಿನವೂ ಬ್ಯಾಲೆನ್ಸೂ ಹೋಗುತ್ತವೆ, ಹಾಗಾಗಿ ಪ್ಯಾಕ್ ಮುಗಿಯುವ ವಾರ ನೋಡಿ ಶುರು ಮಾಡಿ. ಯುಪಿಐ ಆ್ಯಪ್‌ಗಳು ಹೊಸ ಸಿಮ್ಮನ್ನು ಹೊಸದಾಗಿ ಗುರುತಿಸಬೇಕು. ಅದಕ್ಕೆ ಫೋನಿನಿಂದ ಒಂದು ಎಸ್‌ಎಂಎಸ್ ಹೊರಹೋಗಬೇಕಾದ್ದರಿಂದ ಮೊದಲ ಪ್ಯಾಕಿನಲ್ಲಿ ಎಸ್‌ಎಂಎಸ್ ಇರಲೇಬೇಕು. ಅಗ್ಗದ ಪ್ಯಾಕ್ ಹಾಕಿಸಿ "ಗೂಗಲ್ ಪೇ ಕೆಟ್ಟಿದೆ" ಎನ್ನುವವರ ತೊಂದರೆ ಹೆಚ್ಚಾಗಿ ಇದೇ. ಹಿರಿಯರ ಬಟನ್ ಸೆಟ್ 2ಜಿಯದ್ದಾದರೆ ಜಿಯೋಗೆ ಪೋರ್ಟ್ ಮಾಡಿಸಲೇಬೇಡಿ, ಅಲ್ಲಿ 2ಜಿಯೇ ಇಲ್ಲ. ಸೆಟ್ಟನ್ನೂ ಬದಲಿಸಬೇಕಾಗುತ್ತದೆ.

ಪ್ಲಾನಿನ ಲೆಕ್ಕಕ್ಕೆ ಬಂದರೆ, 28 ದಿನದ್ದನ್ನು ತಿಂಗಳೆಂದು ಎಣಿಸಬೇಡಿ. 299 ರೂಪಾಯಿಯ ಪ್ಯಾಕಾದರೆ ವರ್ಷಕ್ಕೆ 12 ಅಲ್ಲ, 13 ಸಲ. 3,588 ಅಲ್ಲ, 3,887. 84 ದಿನದ್ದನ್ನು ನಾಲ್ಕು ಸಲ ಹಾಕಿಸಿದರೆ 336 ದಿನ, ವರ್ಷವಲ್ಲ. ಪ್ರಿಪೇಯ್ಡ್ ಬೆಲೆಯಲ್ಲಿ ಜಿಎಸ್‌ಟಿ ಸೇರಿರುತ್ತದೆ, ಪೋಸ್ಟ್‌ಪೇಯ್ಡ್ ಜಾಹೀರಾತಿನ ಬೆಲೆಗೆ ಶೇಕಡ 18 ಕೂಡಿಸಿಕೊಳ್ಳಿ. 449ರ ಪ್ಲಾನಿನ ಬಿಲ್ಲು 529 ರೂಪಾಯಿ 82 ಪೈಸೆ.

ಮನೆಯಲ್ಲಿ ವೈಫೈ ಇರುವವರಿಗೂ ಬಟನ್ ಸೆಟ್ಟಿನವರಿಗೂ ಡೇಟಾ ಇಲ್ಲದ ಪ್ಯಾಕ್ ಸಾಕು. 2024ರ ಡಿಸೆಂಬರಿನಲ್ಲಿ ಟ್ರಾಯ್ ಕಡ್ಡಾಯ ಮಾಡಿದ್ದರಿಂದ ಅವು 2025ರ ಜನವರಿಯಲ್ಲಿ ಬಂದವು. ಆಗ ಏರ್‌ಟೆಲ್‌ನದ್ದು 365 ದಿನಕ್ಕೆ 1,849 ರೂಪಾಯಿ, ಜಿಯೋದ್ದು 336 ದಿನಕ್ಕೆ 1,748. ಜಿಯೋದ್ದು ಅಗ್ಗ ಎನಿಸುತ್ತದೆ, ದಿನಕ್ಕೆ ಹಂಚಿದರೆ ಅದು 5 ರೂಪಾಯಿ 20 ಪೈಸೆ, ಏರ್‌ಟೆಲ್‌ನದ್ದು 5 ರೂಪಾಯಿ 7 ಪೈಸೆ. ಅಂಗಡಿಯ ಪಟ್ಟಿಯಲ್ಲಿ ಇವು ಕಾಣುವುದು ಕಡಿಮೆ, ಕೇಳಿ ಹಾಕಿಸಿಕೊಳ್ಳಬೇಕು.

ಗಲ್ಫಿನಲ್ಲಿದ್ದು ಬ್ಯಾಂಕ್ ಒಟಿಪಿಗಾಗಿ ಊರಿನ ನಂಬರ್ ಉಳಿಸಿಕೊಳ್ಳುವವರಿಗೂ ಇದೇ ಸರಿ. 90 ದಿನ ಬಳಕೆಯೇ ಇಲ್ಲದಿದ್ದರೆ ಪ್ರಿಪೇಯ್ಡ್ ನಂಬರ್ ಹೋಗಬಹುದು. ಬ್ಯಾಲೆನ್ಸಿನಲ್ಲಿ 20 ರೂಪಾಯಿ ಇದ್ದರೆ ಅದನ್ನು ಕಡಿದುಕೊಂಡು ಇನ್ನೂ 30 ದಿನ ಉಳಿಸಬೇಕೆಂಬ ನಿಯಮವಿದೆ. ಆದರೆ ನಂಬರ್ ಉಳಿಯುವುದು ಬೇರೆ, ಒಟಿಪಿ ಬರುವುದು ಬೇರೆ. ಪ್ಯಾಕ್ ಮುಗಿದ ಕೆಲ ದಿನಕ್ಕೆ ಒಳಬರುವುದೂ ನಿಲ್ಲುತ್ತದೆ. ಅಂತಾರಾಷ್ಟ್ರೀಯ ರೋಮಿಂಗನ್ನು ಬಜ್ಪೆಯಲ್ಲಿ ವಿಮಾನ ಹತ್ತುವ ಮುಂಚೆಯೇ ಆನ್ ಮಾಡಿಸಿ, ಅಲ್ಲಿ ಇಳಿದ ಮೇಲೆ ಆ ಸಿಮ್ಮಿನ ಡೇಟಾ ಆಫ್ ಇಡಿ, ಊರಿನ ಕರೆ ಎತ್ತಬೇಡಿ. ಯುಎಇ, ಸೌದಿ, ಒಮಾನ್, ಕತಾರ್ ಸೇರಿ 10 ದೇಶಗಳ ನಂಬರಿಗೇ ಅನಿವಾಸಿಗಳ ಎನ್‌ಆರ್‌ಇ, ಎನ್‌ಆರ್‌ಒ ಬ್ಯಾಂಕ್ ಖಾತೆಯ ಯುಪಿಐ ಜೋಡಿಸಲು 2023ರ ಜನವರಿಯಲ್ಲಿ ಯುಪಿಐ ನಡೆಸುವ ಎನ್‌ಪಿಸಿಐ ಅವಕಾಶ ಕೊಟ್ಟಿತು. ನಿಮ್ಮ ಬ್ಯಾಂಕಿನಲ್ಲಿ ಅದು ಇದೆಯೇ ಎಂದು ಒಮ್ಮೆ ವಿಚಾರಿಸಿ.

ದೂರು ಕೊಡುವುದಾದರೆ 198. ಡಾಕೆಟ್ ನಂಬರ್, ಅಂದರೆ ದೂರಿನ ಸಂಖ್ಯೆ, ಪಡೆಯದೆ ಫೋನ್ ಇಡಬೇಡಿ. "ರೇಂಜ್ ಇಲ್ಲ" ಎಂದಷ್ಟೇ ಹೇಳಿದರೆ ಫೋನ್ ಆಫ್ ಮಾಡಿ ಆನ್ ಮಾಡಿ ಎಂಬ ಉತ್ತರ ಸಿಗುತ್ತದೆ. ಅಂಗಳದ ಡಿಬಿಎಂ, ಪಿನ್‌ಕೋಡ್, ಹತ್ತಿರದ ಗುರುತು, ಯಾವ ದಿನದಿಂದ, ಯಾವ ಹೊತ್ತಿನಲ್ಲಿ ಎಂದು ಹೇಳಿದರೆ ದೂರು ತಾಂತ್ರಿಕ ವಿಭಾಗಕ್ಕೆ ಹೋಗುತ್ತದೆ. ಉತ್ತರ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಅದೇ ಕಂಪೆನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬೇಕು, ಅವರು 39 ದಿನದಲ್ಲಿ ತೀರ್ಮಾನಿಸಬೇಕು. ಟ್ರಾಯ್ ಒಬ್ಬೊಬ್ಬರ ದೂರನ್ನು ವಿಚಾರಿಸುವುದಿಲ್ಲ, ಅಲ್ಲಿಗೆ ಬರೆದು ಕಾಯುವುದು ವ್ಯರ್ಥ. ಟೆಲಿಕಾಂ ದೂರು ಗ್ರಾಹಕ ಆಯೋಗಕ್ಕೆ ಬರುವುದಿಲ್ಲ ಎಂಬ ಹಳೆಯ ಮಾತನ್ನು ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ತಳ್ಳಿಹಾಕಿದೆ. ಮಂಗಳೂರಿನಲ್ಲೂ ಉಡುಪಿಯಲ್ಲೂ ಜಿಲ್ಲಾ ಆಯೋಗಗಳಿವೆ, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಅರ್ಜಿಗೆ ಶುಲ್ಕವಿಲ್ಲ.